ಮೊದಲು ಸಿಕ್ಕ ಸಾಲು

ಬೆಳಿಗ್ಗೆ ಹತ್ತು ಗಂಟೆಗೆ ಅವಳ ಮೇಜಿನ ಫೋನು ಸುಮ್ಮನಾಯಿತು. ಹದಿನೇಳು ವರ್ಷಗಳಲ್ಲಿ ಅದೇ ಮೊದಲು.

ಉಸಿರಾಟದ ಯಂತ್ರಗಳನ್ನು ಮನೆಗಳಿಗೆ ಬಾಡಿಗೆಗೆ ಕೊಡುವ ಕಚೇರಿ ಅದು. ಬರುವ ಕರೆಗಳೆಲ್ಲ ಇಷ್ಟು ದಿನ ಅವಳ ಕಿವಿಯನ್ನು ದಾಟಿಯೇ ಮುಂದೆ ಹೋಗಬೇಕಿತ್ತು. "ಹಲೋ" ಅನ್ನುವಷ್ಟರಲ್ಲಿ ಯಾವ ಮನೆ, ಯಾವ ಯಂತ್ರ, ಯಾವ ಮೆಕ್ಯಾನಿಕ್‌ಗೆ ಕೊಡಬೇಕು ಎಲ್ಲವೂ ಅವಳಿಗೆ ಗೊತ್ತಾಗುತ್ತಿತ್ತು. ಇನ್ನು ಮೇಲೆ ಆ ಕೆಲಸ ಕಂಪ್ಯೂಟರಿನೊಳಗಿನ ಒಂದು ಪಟ್ಟಿಯದು. ಎಡಗಡೆ ಮನೆಯ ನಂಬರು, ಬಲಗಡೆ ಕರೆ ಹೋಗಬೇಕಾದ ಮೇಜು. ಮೂರು ವಾರ ಕೂತು ಅದನ್ನು ತುಂಬಿಸಿದವಳೂ ಅವಳೇ.

"ನಿನ್ನ ಕೆಲಸಕ್ಕೆ ನೀನೇ ಹಾರ ಹಾಕಿದ್ಯಲ್ಲೇ, ಮಹಾತಾಯಿ," ಎಂದಳು ಪಕ್ಕದ ಮೇಜಿನ ಗಿಣಿ. ಬಿಲ್ಲಿನ ವಿಭಾಗದವಳು, ಬಾಯಿ ಮುಚ್ಚದಿರುವುದಕ್ಕೆ ಆ ಹೆಸರು.

"ಪಟ್ಟಿಯಲ್ಲಿ ಇಲ್ಲದ ನಂಬರೆಲ್ಲಾ ನನ್ನ ಹತ್ರಾನೇ ಬರುತ್ತೆ ಕಣೆ. ಹೊಸಬರು ಬೇಕಾದಷ್ಟು ಇದ್ದಾರೆ."

ಹೇಳಿದಳೇ ಹೊರತು ಎದೆ ಹಗುರಾಗಲಿಲ್ಲ. ಏನೋ ಮರೆತಂತೆ, ಒಲೆ ಆರಿಸದೆ ಬಾಗಿಲಿಗೆ ಬೀಗ ಹಾಕಿ ಬಂದಂತೆ.

ಪಟ್ಟಿ ಹೊಂದಿಸಲು ಬಂದಿದ್ದ ಕಂಪ್ಯೂಟರಿನವಳು ಮೊದಲ ದಿನವೇ ಹೇಳಿದ್ದಳು: "ಅಕ್ಕಾ, ರೋಗಿ ತೀರಿಕೊಂಡು ಯಂತ್ರ ವಾಪಸ್ ಬಂದ ಮನೆಗಳನ್ನ ಅಳಿಸಿಬಿಡಿ. ಇಲ್ಲಾಂದ್ರೆ ಬಲಗಡೆ 'ಮುಗಿದಿದೆ' ಅಂತ ಹಾಕಿ. ಯಾರಾದ್ರೂ ಫೋನ್ ಮಾಡಿದ್ರೆ ರೆಕಾರ್ಡಿಂಗ್ ಕೇಳಿಸುತ್ತೆ."

ಅವಳಿಗೆ ಅಳಿಸುವುದಾಗಲಿಲ್ಲ. ಆ ಮನೆಗಳಲ್ಲಿ ಅವಳದೂ ಒಂದು. ಹೋದ ವರ್ಷದವರೆಗೆ ಅಮ್ಮ ಇದೇ ಕಚೇರಿಯ ಯಂತ್ರದಲ್ಲಿ ಉಸಿರಾಡಿದ್ದಳು. ಒಂದು ಗುಂಡಿ ಒತ್ತಿ ಅಮ್ಮ ಇರಲೇ ಇಲ್ಲ ಅನ್ನಿಸುವುದೆಂದರೆ ಬೆರಳು ಏಳಲಿಲ್ಲ. ಅಮ್ಮನದನ್ನು ಬಿಟ್ಟಮೇಲೆ ಬೇರೆಯವರ ಅಪ್ಪ ಅಮ್ಮಂದಿರದನ್ನು ಅಳಿಸುವುದು ಯಾವ ನ್ಯಾಯ? ಅಂಥ ಮುನ್ನೂರ ಹನ್ನೆರಡು ಮನೆಗಳ ಮುಂದೆಯೂ 'ಮುಗಿದಿದೆ' ಎಂದು ಬರೆದು ಇಟ್ಟುಕೊಂಡಳು.

ಹತ್ತೂ ಹನ್ನೆರಡಕ್ಕೆ ಪರದೆಯ ಮೇಲೆ ಒಂದು ಕೆಂಪು ಗೆರೆ ಮೂಡಿತು. 'ಮುಗಿದಿದೆ'ಗೆ ಒಂದು ಕರೆ. ತಪ್ಪು ನಂಬರು ಇರಬೇಕು. ಹತ್ತೂ ಹದಿಮೂರಕ್ಕೆ ಇನ್ನೊಂದು. ಹದಿನಾಲ್ಕಕ್ಕೆ ಮತ್ತೊಂದು. ಅದೇ ನಂಬರು.

ಕೊನೆಯ ಅಂಕಿಗಳನ್ನು ನೋಡಿದೊಡನೆ ಅವಳಿಗೆ ಮನೆ ಗೊತ್ತಾಯಿತು. ಆ ಮನೆಯ ಯಜಮಾನರು ಹೋಗಿ ವರ್ಷವಾಗಿತ್ತು. ಆದರೆ ನಾಲ್ಕು ತಿಂಗಳ ಹಿಂದೆ ಅವರ ಹೆಂಡತಿಗೂ ಯಂತ್ರ ಹೋಗಿತ್ತು. ಆಕೆಯ ಸಾಲನ್ನು ಹೋದ ವಾರ ಪಟ್ಟಿಯ ಕೆಳಗೆ ಸೇರಿಸಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಯಜಮಾನರ ಸಾಲು ಮೇಲೆ ಹಾಗೆಯೇ ಇತ್ತು.

"ಒಂದು ನಂಬರಿಗೆ ಎರಡು ಸಾಲು ಇದ್ರೆ ಏನಾಗುತ್ತೆ?" ಕೂತಲ್ಲಿಂದಲೇ ಕೂಗಿದಳು.

"ಮೇಲಿಂದ ಹುಡುಕುತ್ತೆ, ಮೊದಲು ಸಿಕ್ಕಿದ್ದಕ್ಕೆ ನಿಂತುಬಿಡುತ್ತೆ," ಎಂದಳು ಕಂಪ್ಯೂಟರಿನವಳು. "ಹೇಳಿದ್ನಲ್ಲ ಅಕ್ಕಾ?"

ಹೇಳಿದ್ದಳು. ಇವಳು ತಲೆಯನ್ನೂ ಆಡಿಸಿದ್ದಳು.

ಆ ಮನೆಗೆ ಫೋನು ಹಚ್ಚಿದಳು. ಎಂಗೇಜ್. ಅವರು ಮತ್ತೆ ಇಲ್ಲಿಗೇ ಮಾಡುತ್ತಿದ್ದಾರೆ, ಆ ಹಾಳು ರೆಕಾರ್ಡಿಂಗ್ ಕೇಳುತ್ತಿದ್ದಾರೆ. ಇಟ್ಟಳು, ಹಚ್ಚಿದಳು. ಎಂಗೇಜ್. ಗಿಣಿ ತನ್ನ ಫೋನಿನಲ್ಲಿ ಮೆಕ್ಯಾನಿಕ್‌ನನ್ನು ಕರೆಯತೊಡಗಿದ್ದಳು. ನಾಲ್ಕನೆಯ ಸಲ ರಿಂಗಾಯಿತು.

"ಏನ್ರೀ ನಿಮ್ಮದು!" ಆ ಮನೆಯ ಸೊಸೆ ಅಳುತ್ತಿದ್ದಳು. "ಅತ್ತೆಯ ಮೆಷಿನ್ ನಿಂತುಹೋಗಿದೆ. ಫೋನ್ ಮಾಡಿದ್ರೆ ನಿಮ್ಮ ಸೇವೆ ಮುಗಿದಿದೆ, ಧನ್ಯವಾದ ಅಂತೀರಲ್ಲ!"

"ಕ್ಷಮಿಸಮ್ಮ, ತಪ್ಪು ನಂದೇ. ಬೈಯೋದಿದ್ರೆ ಆಮೇಲೆ ಬೈಯಿ. ಮಂಚದ ಹಿಂದೆ ಆಕ್ಸಿಜನ್ ಸಿಲಿಂಡರ್ ಇಟ್ಟಿದ್ದಾರೆ, ಕಾಣಿಸ್ತಾ? ಅತ್ತೆಯ ಪೈಪು ಅದಕ್ಕೆ ಸಿಕ್ಕಿಸು. ಈಗ ಸಿಲಿಂಡರಿನ ತಲೆ ಮೇಲಿನ ತಿರುಪು ಎಡಕ್ಕೆ, ನಿಧಾನಕ್ಕೆ. ಗಾಜಿನೊಳಗೆ ಚಿಕ್ಕ ಗುಂಡು ಮೇಲೆದ್ದಿತಾ?"

"ಇಲ್ಲ... ಇಲ್ಲ... ಹಾಂ, ಎದ್ದಿತು!"

"ಫೋನು ಅತ್ತೆಯ ಹತ್ತಿರ ಹಿಡಿ."

ಕಿವಿಯಲ್ಲಿ ಮೊದಲು ಗೊರಗೊರ, ತಡೆದು ತಡೆದು. ಆಮೇಲೆ ಒಂದು ಉದ್ದನೆಯ ಉಸಿರು. ಇನ್ನೊಂದು. ಆ ಸದ್ದಿನ ಏರಿಳಿತ ಅವಳಿಗೆ ಹೊಸದಲ್ಲ. ಮೆಕ್ಯಾನಿಕ್ ಹೊರಟನೆಂದು ಗಿಣಿ ಕೈಸನ್ನೆ ಮಾಡುವವರೆಗೂ ಅವಳು ರಿಸೀವರ್ ಕೆಳಗಿಡಲಿಲ್ಲ.

"ಇಂಥವು ಇನ್ನೆಷ್ಟಿವೆ ಅಕ್ಕಾ?" ಕಂಪ್ಯೂಟರಿನವಳು ಬಂದು ಪಕ್ಕದಲ್ಲಿ ಕೂತಿದ್ದಳು.

"ಗೊತ್ತಿಲ್ಲ. 'ಮುಗಿದಿದೆ' ಅನ್ನೋದೇ ಬೇಡ. ಎಲ್ಲಾ ಅಳಿಸ್ತೀನಿ."

"ಅಳಿಸಿದ ಮನೆಯವರು ಯಾರಾದ್ರೂ ಮಾಡಿದ್ರೆ ನಿಮ್ಮ ಮೇಜಿಗೇ ಬರುತ್ತೆ ಮತ್ತೆ. ಪರವಾಗಿಲ್ವಾ?"

ಇಟ್ಟುಕೊಂಡವರಿಗೆ ರೆಕಾರ್ಡಿಂಗ್, ಅಳಿಸಿದವರಿಗೆ ಅವಳು. ಮೂರು ವಾರದಿಂದ ಅದು ಕಣ್ಣ ಮುಂದೆಯೇ ಇತ್ತು.

"ಬರಲಿ," ಎಂದಳು.

ಒಂದೊಂದೇ ಸಾಲು ತೆಗೆಯುತ್ತ ಹೋದಳು. ತನ್ನ ಮನೆಯ ನಂಬರು ಬಂದಾಗ ಬೆರಳು ಸ್ವಲ್ಪ ತಡೆಯಿತು. ಆಮೇಲೆ ಅದನ್ನೂ ಅಳಿಸಿದಳು.