ಶೋಭಾ ಬರೇ ಸೆಕೆಂಡ್

ಹಿಮಾಯತ್‌ನಗರದ ಒಳಗಲ್ಲಿಯೊಂದರಲ್ಲಿ ಗುರುದೇವಿಯ ಖಾನಾವಳಿ. ಲಿಂಗಸುಗೂರು ಕಡೆಯಿಂದ ಸೊಸೆಯಾಗಿ ಹೈದರಾಬಾದಿಗೆ ಬಂದವಳು, ಮನೆಯ ಮುಂದಿನ ಕೋಣೆಯಲ್ಲೇ ಟೇಬಲ್ಲು ಹಾಕಿ ರೊಟ್ಟಿ ಊಟ ಶುರುಮಾಡಿದ್ದಳು. ಮಧ್ಯಾಹ್ನವಾದರೆ ಸುತ್ತಲಿನ ಆಫೀಸುಗಳ ಜನ ಅವಳ ಪುಂಡಿಪಲ್ಯಕ್ಕೆಂದೇ ಬರುತ್ತಿದ್ದರು. ತೆಲುಗಿನವರು ಅದನ್ನು ಗೋಂಗೂರ ಅನ್ನುತ್ತ, ಎರಡೆರಡು ಸಲ ಹಾಕಿಸಿಕೊಳ್ಳುತ್ತಿದ್ದರು.

ಇಷ್ಟಾದರೂ ಅವಳಿಗೆ ಸಮಾಧಾನ ಇರಲಿಲ್ಲ. ಕಾರಣ ಶೋಭಾ.

ಶೋಭಾ ಅವಳ ನೆಗೆಣ್ಣಿ, ಮೈದುನ ಸಿದ್ದರಾಮಪ್ಪನ ಹೆಂಡತಿ. ಮದುವೆಯಾಗಿ ಬಂದಾಗ ಒಗ್ಗರಣೆಗೆ ಸಾಸಿವೆ ಮೊದಲೋ ಬೆಳ್ಳುಳ್ಳಿ ಮೊದಲೋ ತಿಳಿಯದ ಹುಡುಗಿ. ಪುಂಡಿಸೊಪ್ಪು ಬಿಡಿಸುವುದರಿಂದ ಹಿಡಿದು ನುಚ್ಚು ಹಾಕಿ ಕಡೆಯುವ ತನಕ ಎಲ್ಲವನ್ನೂ ಗುರುದೇವಿಯೇ ಕೈಹಿಡಿದು ಕಲಿಸಿದ್ದಳು. ಆಮೇಲೆ ಮನೆ ಬೇರೆಯಾಯಿತು. ಶೋಭಾ ಅಬಿಡ್ಸ್‌ನಲ್ಲಿ ಹಳೇ ಪುಸ್ತಕದಂಗಡಿಗಳ ಹಿಂದೆ ತನ್ನದೇ ಖಾನಾವಳಿ ತೆಗೆದಳು. ಅದು ನಡೆಯಿತು. ಭಾಳ ಚೆನ್ನಾಗಿ ನಡೆಯಿತು. ಗುರುದೇವಿಯ ಗಂಡ ಅಂಬಣ್ಣ ಅಬಿಡ್ಸ್‌ನದೇ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತ. ಕೆಲವು ದಿನ ಅವನ ಡಬ್ಬಿಯಲ್ಲಿ ಅರ್ಧ ರೊಟ್ಟಿ ಹಾಗೇ ತಿರುಗಿ ಬರುತ್ತಿತ್ತು.

"ಯಾಕ್ರಿ, ಹಸಿವಿದ್ದಿಲ್ಲೇನು?" ಅಂತ ಅವಳು ಕೇಳುವಳು.

"ಶೋಭಾ ಬಿಡಲಿಲ್ಲ, ಒಂದು ತುತ್ತು ಉಣ್ಣಿಸಿದ್ಲು," ಅಂತ ಅವನು ಕೈತೊಳೆಯಲು ಹೋಗುವನು.

ಆ ಅರ್ಧ ರೊಟ್ಟಿಯನ್ನು ಅವಳು ಯಾರಿಗೂ ಹಾಕುತ್ತಿರಲಿಲ್ಲ. ತಾನೇ ನಿಂತು, ನುಂಗಲಾರದೆ ನುಂಗುತ್ತಿದ್ದಳು.

ಒಂದು ರವಿವಾರ ಅಂಬಣ್ಣ ಇಂಗ್ಲಿಷ್ ಪೇಪರೊಂದನ್ನು ತಂದು ಟೇಬಲ್ಲಿನ ಮೇಲೆ ಇಟ್ಟ. "ನಿನ್ನ ಫೋಟೋ ಬಂದೈತಿ ನೋಡು," ಅಂದು ಸ್ನಾನಕ್ಕೆ ಹೋದ. ಹಿಂದೊಮ್ಮೆ ಕನ್ನಡಕದ ಹೆಣ್ಣುಮಗಳೊಬ್ಬಳು ಬಂದು ಉಂಡು, ಏನೇನೋ ಕೇಳಿಕೊಂಡು ಹೋಗಿದ್ದಳು. ಗುರುದೇವಿಗೆ ಇಂಗ್ಲಿಷ್ ಅಕ್ಷರ ಬರುತ್ತಿದ್ದವು, ಅರ್ಥ ಅಷ್ಟಕ್ಕಷ್ಟೆ. ಫೋಟೋದ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟು ಕೂಡಿಸಿ ಕೂಡಿಸಿ ಓದಿದಳು: ಗುರುದೇವೀಸ್ ಪುಂಡಿಪಲ್ಯ ಈಸ್ ಸೆಕೆಂಡ್ ಓನ್ಲಿ ಟು ಶೋಭಾಸ್.

ಶೋಭಾ ಅನ್ನುವ ಹೆಸರಿನ ಮೇಲೆ ಬೆರಳು ನಿಂತಿತು. ಪೂರ್ತಿ ಸಾಲನ್ನು ಗಂಡನಿಗೆ ತೋರಿಸಿ ಕೇಳಬಹುದಿತ್ತು. ಆದರೆ ಶೋಭಾಳ ಬಗ್ಗೆ ಏನಾದರೂ ಹೊಗಳಿಕೆ ಇದ್ದು, ಅದನ್ನು ಗಂಡನ ಬಾಯಿಂದಲೇ ಕೇಳಬೇಕಾದರೆ? ಬಚ್ಚಲ ಬಾಗಿಲ ಹೊರಗೆ ನಿಂತು ಒಂದೇ ಮಾತು ಕೇಳಿದಳು.

"ಏನ್ರಿ, ಓನ್ಲಿ ಅಂದ್ರ ಏನು?"

"ಓನ್ಲಿ ಅಂದ್ರ ಬರೇ," ಅಂದ ಅಂಬಣ್ಣ ನೀರು ಸುರುವಿಕೊಳ್ಳುತ್ತ.

ಸೆಕೆಂಡ್ ಅಂದರೆ ಅವಳಿಗೆ ಗೊತ್ತೇ ಇತ್ತು. ಸೆಕೆಂಡ್, ಬರೇ, ಶೋಭಾ. ಕೂಡಿಸಿದಳು. ಗುರುದೇವಿಯ ಪುಂಡಿಪಲ್ಯದ ಮುಂದೆ ಶೋಭಾಳದು ಬರೇ ಸೆಕೆಂಡ್! ಆ ದಿನ ಅವಳು ಬಡಿದ ರೊಟ್ಟಿಗಳು ಒಂದೂ ಹರಿಯಲಿಲ್ಲ.

ಮರುದಿನವೇ ಫ್ಲೆಕ್ಸ್ ಅಂಗಡಿಗೆ ಹೋಗಿ ಪೇಪರು ತೋರಿಸಿದಳು. ಆ ಸಾಲನ್ನೇ ದೊಡ್ಡದಾಗಿ, ಕೆಂಪಕ್ಷರದಲ್ಲಿ ಹಾಕಬೇಕೆಂದಳು. ಅಂಗಡಿಯವನು ಓದಿ, ಅವಳ ಮುಖ ನೋಡಿ, "ಪಕ್ಕಾನಾ ಅಮ್ಮಾ?" ಅಂದ. "ಪಕ್ಕಾ. ಶೋಭಾ ಅನ್ನೋದು ಎದ್ದು ಕಾಣಬೇಕು," ಅಂದಳು. ಅಬಿಡ್ಸ್‌ನಿಂದ ಬರುವ ಯಾರ ಕಣ್ಣಿಗಾದರೂ ಬೀಳಲಿ, ಹೋಗಿ ಅವಳಿಗೆ ಹೇಳಲಿ ಅನ್ನುವುದೇ ಅವಳ ಆಸೆಯಾಗಿತ್ತು. ಬಾಗಿಲ ಮೇಲೆ ಹಗ್ಗದಿಂದ ಕಟ್ಟಿದ ಫ್ಲೆಕ್ಸ್ ನೋಡಿ ಅಂಬಣ್ಣ ಬಾಯಿ ತೆರೆದ, ಹೆಂಡತಿಯ ಕಣ್ಣಿನ ಹೊಳಪು ನೋಡಿ ಮುಚ್ಚಿದ.

ಉಣ್ಣಲು ಬಂದವರು ಅದನ್ನು ಓದಿ ನಗುತ್ತಿದ್ದರು. "ನಿಮ್ಮ ಮನಸ್ಸು ದೊಡ್ಡದು ಆಂಟೀ" ಅನ್ನುತ್ತಿದ್ದರು. ಶೋಭಾಳ ಖಾನಾವಳಿ ಎಲ್ಲಿದೆ ಎಂದು ಕೇಳುವವರೂ ಬಂದರು. ಎರಡನ್ನೂ ತಿಂದು ನೋಡಿದರೆ ಅವಳ ಬಣ್ಣ ಬಯಲಾಗುತ್ತದೆಂದು ಗುರುದೇವಿ ಬಾಗಿಲಿಗೆ ಬಂದು, ಯಾವ ಬಸ್ಸು, ಎಲ್ಲಿ ಇಳಿಯಬೇಕು ಅನ್ನುವುದನ್ನೂ ಹೇಳಿ ಕಳಿಸುತ್ತಿದ್ದಳು. ಹೋದವರಲ್ಲಿ ಕೆಲವರು ತಿರುಗಿ ಬರಲೇ ಇಲ್ಲ. ಅದೇಕೆಂದು ಅವಳಿಗೆ ಹೊಳೆಯಲಿಲ್ಲ.

ಒಂದು ಸಂಜೆ ಗಲ್ಲಿಯ ತುದಿಯಲ್ಲಿ ಆಟೋ ನಿಂತಿತು. ಶೋಭಾ ಇಳಿದಳು, ಹಿಂದೆ ಕಾಲೇಜು ಓದುವ ಅವಳ ಮಗಳು ಪಿಂಕಿ. ಬಂತು ಜಗಳ, ಅಂತ ಗುರುದೇವಿ ಸೆರಗು ಸೊಂಟಕ್ಕೆ ಸಿಗಿಸಿ ಸಿದ್ಧಳಾದಳು. ಆದರೆ ಶೋಭಾ ಒಳಗೆ ಬಂದವಳೇ ಬಗ್ಗಿ ಅವಳ ಕಾಲು ಮುಟ್ಟಿದಳು. ಎದ್ದಾಗ ಕಣ್ಣಲ್ಲಿ ನೀರು.

"ಯಾರು ಬರಸ್ತಾರ್ರಿ ಅಕ್ಕಾ ಹಿಂಗ? ನಿಮ್ಮ ಬಾಗಿಲಿಗೆ ನನ್ನ ಹೆಸರು, ಅದೂ ನಿಮಗಿಂತ ಮ್ಯಾಲೆ!"

ಗುರುದೇವಿಗೆ ಏನೂ ತಿಳಿಯಲಿಲ್ಲ. "ಮ್ಯಾಲೆ?" ಅಂದಳು.

"ಮಮ್ಮಿಗೂ ಮೊದಲು ತಿಳೀಲಿಲ್ಲ ದೊಡ್ಡಮ್ಮಾ," ಅಂದಳು ಪಿಂಕಿ ನಗುತ್ತ. "ಯಾರೋ ಫೋಟೋ ತೆಗದು ಕಳಿಸಿದ್ರು. ನನ್ನ ಬರೇ ಸೆಕೆಂಡ್ ಅಂತ ಬರಸ್ಯಾಳ ಅಂತ ಮಮ್ಮಿ ಅಡಿಗಿಮನ್ಯಾಗ ಡಬ್ಬಿಗಳನ್ನ ಕುಕ್ಕಿದ್ದೇ ಕುಕ್ಕಿದ್ದು. ನಾ ಕೂಡಿಸಿ ಹೇಳ್ದೆ. ಸೆಕೆಂಡ್ ಓನ್ಲಿ ಟು ಶೋಭಾಸ್ ಅಂದ್ರ, ಶೋಭಾಂದು ಒಂದನ್ನ ಬಿಟ್ರ ಇಡೀ ಊರಾಗ ಗುರುದೇವೀದೇ ಚಲೋ ಅಂತ ಅರ್ಥ. ಬೈಗುಳ ಅಲ್ಲ, ದೊಡ್ಡ ಹೊಗಳಿಕೆ. ನಿಮಗೂ ಹೊಗಳಿಕೆನೇ. ಮಮ್ಮಿ ಫಸ್ಟ್, ನೀವು ಸೆಕೆಂಡ್, ಉಳಿದವರೆಲ್ಲ ನಿಮ್ಮ ಕೆಳಗ."

ಗುರುದೇವಿ ಸೊಂಟಕ್ಕೆ ಸಿಗಿಸಿದ್ದ ಸೆರಗನ್ನು ಬಿಡಿಸಿಕೊಂಡಳು. ಬಸ್ಸಿನ ದಾರಿ ಹೇಳಿ ಕಳಿಸಿದ ಒಬ್ಬೊಬ್ಬರ ಮುಖವೂ ಕಣ್ಣ ಮುಂದೆ ಬಂತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಈ ಕೃತಜ್ಞತೆಯ ಕಣ್ಣೀರನ್ನು ಎಲ್ಲಿಡುವುದು? ನಿಜ ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಫಸ್ಟ್ ಅನ್ನುವುದು ಶೋಭಾಳಿಗೇ ಉಳಿಯುತ್ತದೆ.

"ಇದ್ದದ್ದನ್ನ ಬರಸೀನಿ," ಅಂದುಬಿಟ್ಟಳು. ಸ್ವಂತ ದನಿಯೇ ಬೇರೆ ಯಾರದೋ ಅನ್ನಿಸಿತು.

ಅವರು ಹೋದ ಮೇಲೆ ಸ್ಟೂಲು ಎಳೆದುಕೊಂಡು ಫ್ಲೆಕ್ಸ್ ಕೀಳಲು ಹತ್ತಿದಳು. ಅಂಬಣ್ಣ ಸ್ಟೂಲು ಹಿಡಿದುಕೊಂಡ. "ಈಗ ಕಿತ್ರ ಅಕಿ ಏನಂತ ತಿಳ್ಕೋಬೇಕು?" ಅಂದ ಮೆಲ್ಲಗೆ.

"ನಿಮಗ ಅರ್ಥ ಗೊತ್ತಿತ್ತಲ್ರಿ! ಬಾಯಿ ಸತ್ತಿತ್ತೇನು?"

"ಜೀವನದಾಗ ಮೊದಲ ಸಲ ಅಕಿನ್ನ ಹೊಗಳಾಕತ್ತಿ ಅಂತ ಖುಷಿಯಾಗಿ ಸುಮ್ನಿದ್ದೆ."

ಗುರುದೇವಿ ಸ್ಟೂಲಿನ ಮೇಲೇ ಕೂತು ಅತ್ತಳು. ಹಗ್ಗ ಮಾತ್ರ ಬಿಚ್ಚಲಿಲ್ಲ.

ಮುಂದಿನ ಸೋಮವಾರ ತನ್ನ ಖಾನಾವಳಿಗೆ ಬೀಗ ಹಾಕಿ, ಯಾರಿಗೂ ಹೇಳದೆ ಅಬಿಡ್ಸ್ ಬಸ್ಸು ಹತ್ತಿದಳು. ಇಷ್ಟು ವರ್ಷವಾದರೂ ಶೋಭಾಳ ಬಾಗಿಲು ತುಳಿದವಳಲ್ಲ. ಶೋಭಾ ಗಾಬರಿಯಾಗಿ ಓಡಿ ಬಂದು ತಾನೇ ತಾಟು ಹಾಕಿದಳು, ಪಕ್ಕದಲ್ಲೇ ನಿಂತಳು. ಗುರುದೇವಿ ರೊಟ್ಟಿ ಮುರಿದು ಪುಂಡಿಪಲ್ಯಕ್ಕೆ ಅದ್ದಿ ಬಾಯಿಗಿಟ್ಟಳು. ಹುಳಿ ನಾಲಿಗೆ ಹಿಡಿಯಿತು, ಬೆಳ್ಳುಳ್ಳಿ ಹಿಂದಿನಿಂದ ನಿಧಾನ ಬಂತು. ತನಗೆ ಕಲಿಸಿದ ಅತ್ತೆ ಮಾಡುತ್ತಿದ್ದುದು ಹೀಗೇ. ಗಿರಾಕಿ ಹೆಚ್ಚಾದ ಮೇಲೆ ತನ್ನ ಕೈಯಿಂದ ಇದು ಯಾವಾಗಲೋ ತಪ್ಪಿಹೋಗಿತ್ತು. ಪೇಪರಿನ ಆ ಹೆಣ್ಣುಮಗಳು ಸುಳ್ಳು ಬರೆದಿರಲಿಲ್ಲ.

"ಹೆಂಗಾಗೈತ್ರಿ ಅಕ್ಕಾ?" ಶೋಭಾ ಸೆರಗಿನ ತುದಿ ಹಿಂಡುತ್ತ ಕೇಳಿದಳು.

ಚಲೋ ಆಗೈತಿ ಅನ್ನುವ ಮಾತು ಗಂಟಲಿನವರೆಗೆ ಬಂತು. ಅಲ್ಲಿಂದ ಮೇಲೆ ಏರಲಿಲ್ಲ.

"ಉಪ್ಪು ಒಂದು ತುಸು ಮುಂದಾಗೈತಿ," ಅಂದಳು ಗುರುದೇವಿ. ತಾಟನ್ನು ಮುಂದಕ್ಕೆ ದೂಡಿದಳು. "ಇನ್ನೊಂದು ರೊಟ್ಟಿ ಹಾಕು. ಪಲ್ಯಾನೂ ಹಾಕು. ಕೈ ಹಿಡೀಬ್ಯಾಡ."