ಐದೋ ಆರೋ

"ಇದಕ್ಕೆ ಮೂರು ಬೊಟ್ಟು ಇಡಲೋ, ಒಂದೇ ಸಾಕೋ?"

ಅಲಮೇಲು ಗಂಧದ ಬಟ್ಟಲು ಹಿಡಿದು ಕೇಳಿದಾಗ, ಸೇವಂತಿಗೆ ಬಿಡಿಸುತ್ತ ಕೂತಿದ್ದ ಅನಸೂಯ ತಲೆಯೆತ್ತಿದಳು. ಹೊಲಿಗೆ ಯಂತ್ರ, ಟೈಪ್‌ರೈಟರು, ಮಿಕ್ಸಿ, ಅಲಮೇಲುವಿನ ಮಗಳು ರೇಣುವಿನ ಪಿಟೀಲು, ಅವುಗಳ ಸಾಲಿನ ಕೊನೆಗೆ ಕೆಂಪು ರವಿಕೆ ಖಣದ ಮೇಲೆ ಒಂದು ರಿವಾಲ್ವರ್ ಮಲಗಿತ್ತು. ಅದರ ಬಾಯಿ ಸೋಫಾದ ಕಡೆಗಿತ್ತು. ಸೋಫಾದಲ್ಲಿ ಅವಳ ಗಂಡ ಸೂರ್ಯನಾರಾಯಣನೂ ಅವನ ಗೆಳೆಯ ಮುಕುಂದನೂ ಪೆಟ್ರೋಲಿನ ಬೆಲೆಯನ್ನು ಬೈಯುತ್ತ ಕೂತಿದ್ದರು.

"ಖಾಲಿ ತಾನೆ ಇದು?"

"ಚೆನ್ನಾಗಿ ಕೇಳಿದ್ರಿ! ಹಬ್ಬದ ದಿನ ಬರಿದಾದ್ದನ್ನ ದೇವರ ಮುಂದೆ ಇಡ್ತಾರೇನ್ರೀ? ನಾನೇ ಹೇಳಿ ನಮ್ಮನೆಯವರ ಕೈಲಿ ತುಂಬಿಸಿದೆ." ಅಲಮೇಲು ಕುದುರೆಯ ಮೇಲೆ, ಗುಂಡು ಸಿಡಿಸುವ ಆ ಪುಟ್ಟ ಕೊಕ್ಕೆಯ ಮೇಲೆ, ಒಂದು ಬೊಟ್ಟಿಟ್ಟಳು.

ಅನಸೂಯ ಎದ್ದುಹೋಗಿ ಗಂಡನ ಮೊಣಕೈ ಹಿಡಿದು ಎಬ್ಬಿಸಿದಳು. "ಇಲ್ಲಿಂದ ಏಳಿ. ಮುಕುಂದ್, ನೀವೂ."

ಆ ವರ್ಷ, ಎಪ್ಪತ್ತೈದರಲ್ಲಿ, ಆಯುಧಪೂಜೆ ಅಮೆರಿಕದ ಕೊಲಂಬಸ್ ಡೇ ರಜೆಯಂದೇ ಬಂದಿತ್ತು. ಹಬ್ಬವನ್ನು ಶನಿವಾರಕ್ಕೆ ತಳ್ಳದೆ ಅದರ ದಿನವೇ ಮಾಡಬಹುದೆಂದು ಅಲಮೇಲುವಿನ ಗಂಡ ಬದರೀನಾಥ ಸಮರ್‌ಸೆಟ್ಟಿನ ತನ್ನ ಮನೆಗೆ ಇವರನ್ನು ಕರೆದಿದ್ದ. ನ್ಯೂ ಬ್ರನ್ಸ್‌ವಿಕ್ಕಿನಲ್ಲಿ ಅವನದು ಔಷಧಿ ಅಂಗಡಿ. ಸೂರ್ಯನಾರಾಯಣ ಅಲ್ಲೇ ಅವನ ಕೈಕೆಳಗೆ ಕೆಲಸ ಮಾಡುತ್ತ, ಫಾರ್ಮಸಿಸ್ಟ್ ಲೈಸೆನ್ಸಿಗೆ ಬೇಕಾದ ತರಬೇತಿಯ ಗಂಟೆಗಳನ್ನು ತುಂಬಿಸುತ್ತಿದ್ದ. ಆಗಸ್ಟಿನಲ್ಲಿ ಬಾಗಿಲು ಹಾಕುವ ಹೊತ್ತಿಗೆ ಇಬ್ಬರು ನುಗ್ಗಿ, ಮಾದಕ ಮಾತ್ರೆಗಳಿದ್ದ ಕಪಾಟು ತೆಗೆಸಿ, ಹೋಗುವಾಗ ಪಿಸ್ತೂಲಿನ ಹಿಡಿಯಿಂದ ಬದರೀನಾಥನ ಹಣೆ ಒಡೆದಿದ್ದರು. ಹೊಲಿಗೆಯ ಗುರುತು ಇನ್ನೂ ಮಾಸಿರಲಿಲ್ಲ. ಅಂದಿನಿಂದ ಕಾರು ಹತ್ತುವ ಮುಂಚೆ ಅವನು ಹಿಂದಿನ ಸೀಟಿನಲ್ಲಿ ಬಗ್ಗಿ ನೋಡುತ್ತಿದ್ದ. ರಿವಾಲ್ವರ್ ಕೊಳ್ಳಲು ಪೊಲೀಸರ ಅನುಮತಿ ಸಿಕ್ಕಿತ್ತು. ಅದನ್ನು ಕೋಟಿನೊಳಗೆ ಇಟ್ಟುಕೊಂಡು ಓಡಾಡಲು ಬೇರೆ ಅನುಮತಿ ಬೇಕು. ಪೊಲೀಸ್ ಮುಖ್ಯಸ್ಥ ಒಪ್ಪಬೇಕು, ಆಮೇಲೆ ನ್ಯಾಯಾಧೀಶ ಒಪ್ಪಬೇಕು. ಬಂದೂಕು ಹಿಡಿಯಲು ಬರುತ್ತದೆ ಎಂಬುದಕ್ಕೆ ತಿಳಿದವರೊಬ್ಬರ ಪತ್ರ ತಾ ಎಂದು ಮುಖ್ಯಸ್ಥ ಹೇಳಿ ಕಳಿಸಿದ್ದ.

ಬದರೀನಾಥ ಪಂಚೆಯುಟ್ಟು, ಒಂದು ಹಾಳೆ ಹಿಡಿದು ಒಳಗಿನಿಂದ ಬಂದ. "ಅನಸೂಯಮ್ಮ, ಮಂಗಳಾರತಿಗೆ ಮುಂಚೆ ನಿಮ್ಮದೊಂದು ಸಹಿ. ಮುಹೂರ್ತ ಚೆನ್ನಾಗಿದೆ."

ಅವಳು ಓದಿದಳು. ಭಾರತದಲ್ಲಿ ಸೇನಾ ಮಾದರಿಯ ತರಬೇತಿ ಪಡೆದ ತಾನು ಅರ್ಜಿದಾರರಿಗೆ ಕೈಬಂದೂಕಿನ ಬಳಕೆ ಕಲಿಸಿ, ಪರೀಕ್ಷಿಸಿ, ತೃಪ್ತಳಾಗಿದ್ದೇನೆ ಎಂದು ಅದರಲ್ಲಿತ್ತು.

"ನಾನು ಯಾವಾಗ ಕಲಿಸಿದೆ ನಿಮಗೆ?"

"ಮುಂದೆ ಕಲಿಸ್ತೀರಿ ಬಿಡಿ."

"ಐಡಿಯಾ ನಂದು," ಎಂದು ಮುಕುಂದ ನಕ್ಕ. "ನಿಮ್ಮ ಹತ್ರ ಎನ್.ಸಿ.ಸಿ. ಸರ್ಟಿಫಿಕೇಟ್ ಇದೆಯಲ್ಲ. ಎನ್.ಸಿ.ಸಿ. ಅಂದ್ರೆ ಇಲ್ಲಿ ಯಾರಿಗ್ರೀ ಗೊತ್ತು? ಮೈಸೂರು ಮಹಾರಾಣಿ ಕಾಲೇಜು ಅಂದ್ರೆ ಮಿಲಿಟರಿ ಅಕಾಡೆಮಿ ಅಂದ್ಕೋತಾರೆ!"

"ನಾನು ಹಿಡಿದಿದ್ದು ರೈಫಲ್ಲು. ರಿವಾಲ್ವರ್ ಮುಟ್ಟಿದೋಳೇ ಅಲ್ಲ." ಅವಳು ಹಾಳೆಯನ್ನು ಟೈಪ್‌ರೈಟರಿನ ಮೇಲಿಟ್ಟಳು. "ಮೊದಲು ಅದನ್ನ ಖಾಲಿ ಮಾಡಿ. ಆಮೇಲೆ ಮಂಗಳಾರತಿ."

"ಇಷ್ಟೇ ತಾನೆ?" ಬದರೀನಾಥ ರಿವಾಲ್ವರ್ ಎತ್ತಿಕೊಂಡು ನೆಲದ ಕಡೆ ತಿರುಗಿಸಿದ.

"ಕೆಳಗೆ ಬೇಸ್‌ಮೆಂಟಲ್ಲಿ ಮಕ್ಕಳಿದಾರೆ."

ಅವನ ಕೈ ಗಕ್ಕನೆ ಮೇಲೆದ್ದಿತು. ಸೂರಿನ ಕಡೆಗೆ ಹೋಗಿ ಅಡುಗೆಮನೆಯ ಕಡೆಗೆ ವಾಲಿತು. ಅಲ್ಲಿ ಅಲಮೇಲು ನಿಂತಿದ್ದಾಳೆಂದು ಕಂಡೊಡನೆ ಹೊರಳಿತು. ಮುಕುಂದ ಸೋಫಾದ ಹಿಂದೆ ಕುಕ್ಕರಿಸಿದ. ಬದರೀನಾಥನ ಬೆರಳು ಆಗಲೂ ಕುದುರೆಯ ಮೇಲೇ ಇತ್ತು.

"ಬೆರಳು ತೆಗೀರಿ. ಹಿತ್ತಲಿಗೆ ನಡೀರಿ, ಮಣ್ಣಿನ ಕಡೆ ಹಿಡ್ಕೊಂಡು. ನಿಮ್ಮ ಮುಂದೆ ಯಾರೂ ಬರಲ್ಲ, ನಾನು ನೋಡ್ಕೋತೀನಿ."

ಅವಳ ದನಿಯಲ್ಲಿ ಏರಿಳಿತವಿರಲಿಲ್ಲ. ಮಹಾರಾಣಿ ಕಾಲೇಜಿನ ಹುಡುಗಿಯರಿಗೆ ಗುರಿ ಹೊಡೆಯುವುದನ್ನು ಕಲಿಸುವ ಮುಂಚೆ ವಾರಗಟ್ಟಲೆ ಬಂದೂಕು ತೆರೆದು ಒಳಗೆ ಗುಂಡಿಲ್ಲವೆಂದು ತೋರಿಸುವುದನ್ನೇ ಮಾಡಿಸಿದ್ದರು. ಆಗ ಬೇಸರಪಟ್ಟುಕೊಂಡವರಲ್ಲಿ ಅವಳೂ ಒಬ್ಬಳು.

ಹಿತ್ತಲಲ್ಲಿ ಮೇಪಲ್ ಎಲೆ ದಟ್ಟವಾಗಿ ಬಿದ್ದಿತ್ತು. ಬದರೀನಾಥ ರಿವಾಲ್ವರನ್ನು ನೆಲಕ್ಕೆ ಹಿಡಿದು ಗುಂಡಿನ ಉರುಳೆಯ ಕೀಲನ್ನು ಒತ್ತಿದ. ಗಂಧ ಮೆತ್ತಿದ್ದರಿಂದ ಹೆಬ್ಬೆರಳು ಜಾರಿತು. ಹೊಟ್ಟೆಗೆ ಆನಿಸಿಕೊಂಡು ಎಳೆದ. "ಹೊಟ್ಟೆಯಿಂದ ದೂರ," ಎಂದಳು ಅನಸೂಯ. ಕೊನೆಗೆ ಉರುಳೆ ಪಕ್ಕಕ್ಕೆ ತೆರೆದುಕೊಂಡಿತು. ಬದರೀನಾಥ ತಲೆಕೆಳಗು ಮಾಡಿ ಕೊಡವಿದ. ಗುಂಡುಗಳು ಎಲೆಗಳ ನಡುವೆ ಉದುರಿದವು. ಅವನು ಹುಡುಕಿ ಹುಡುಕಿ ನಾಲ್ಕನ್ನು ಆರಿಸಿದ. ಅಲಮೇಲು ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿ ಇನ್ನೊಂದನ್ನು ಹೆಕ್ಕಿಕೊಟ್ಟಳು.

"ಆಯ್ತು. ಈಗ ತೃಪ್ತಿನಾ?"

"ಎಷ್ಟು ತುಂಬಿದ್ರಿ?"

ಬದರೀನಾಥ ಅಂಗೈಯನ್ನೇ ನೋಡಿದ. "ಐದೋ ಆರೋ. ಪೂಜೆ ಗಡಿಬಿಡಿಯಲ್ಲಿ ಯಾರು ಎಣಿಸ್ತಾರೆ?"

ಮಕ್ಕಳು ದಿನವೂ ಹೊರಳಾಡುವ ಜಾಗದಲ್ಲೆಲ್ಲ ಎಲೆಗಳು ಹರಡಿದ್ದವು.

"ಎಷ್ಟು ತುಂಬಿದೆ ಅಂತ ಗೊತ್ತಿಲ್ಲದೋರಿಗೆ ನಾನು ಸಹಿ ಹಾಕಲ್ಲ," ಎಂದಳು ಅನಸೂಯ.

"ಓಹೋ!" ಅವನ ಹಣೆಯ ಗುರುತು ಕೆಂಪಾಯಿತು. "ನನ್ನ ತಲೆ ಒಡೆದನಲ್ಲ, ಅವನು ಯಾವ ಪರೀಕ್ಷೆ ಪಾಸು ಮಾಡ್ಕೊಂಡು ಬಂದಿದ್ದ?"

"ಅವನು ನನ್ನ ಸಹಿ ಕೇಳಿರಲಿಲ್ಲ."

"ನಿಮಗೆ ಗೊತ್ತಾಗಲ್ಲಮ್ಮ. ದಿನಾ ಬಾಗಿಲು ಹಾಕೋವಾಗ ಕೈ ನಡುಗತ್ತೆ ನಂಗೆ."

"ಗೊತ್ತಾಗತ್ತೆ. ಅದೇ ಅಂಗಡೀಲಿ ನಮ್ಮನೆಯವರೂ ನಿಂತಿರ್ತಾರೆ. ನಡುಗೋ ಕೈಗೆ ಇದನ್ನ ಕೊಟ್ಟು ಇವರ ಪಕ್ಕ ನಿಲ್ಲಿಸಲಾ? ಅಭ್ಯಾಸದ ಜಾಗಕ್ಕೆ ಹೋಗಿ, ಗೊತ್ತಿರೋರ ಹತ್ರ ಕಲೀರಿ, ಪರೀಕ್ಷೆ ಕೊಡಿ. ಅವರೇ ಬರೆದುಕೊಡ್ತಾರೆ."

ಸೂರ್ಯನಾರಾಯಣ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ: "ಹಾಕಿಬಿಡು ಅನಸೂಯ. ನನ್ನ ಲೈಸೆನ್ಸಿನ ಗಂಟೆಗಳಿಗೆ ಅವರು ಸಹಿ ಹಾಕಬೇಕು."

ಅವಳು ದನಿ ತಗ್ಗಿಸಲಿಲ್ಲ. "ಬದರಿ ಅವರೇ, ಒಂದು ಶೀಶೆ ಮಾತ್ರೆ ಎಣಿಸಿಕೊಡೋದಕ್ಕೆ ಇವರನ್ನ ನಿಮ್ಮ ಕಣ್ಣೆದುರು ವರ್ಷಗಟ್ಟಲೆ ನಿಲ್ಲಿಸಿದೀರಿ. ಕಲೀದೇನೇ ಸಹಿ ಹಾಕಿಕೊಡಿ ಅಂದಿದ್ರೆ ಹಾಕ್ತಿದ್ರಾ?"

"ಅದು ಔಷಧಿ ವಿಷಯಾಮ್ಮ! ತಪ್ಪಿದ್ರೆ ಜೀವ ಹೋಗತ್ತೆ!"

ಹೇಳಿದ ಮೇಲೆ ಅವನು ತನ್ನ ಕೈಗಳನ್ನು ನೋಡಿಕೊಂಡ. ಒಂದು ಕೈಯಲ್ಲಿ ತೆರೆದ ರಿವಾಲ್ವರ್, ಇನ್ನೊಂದರಲ್ಲಿ ಗುಂಡುಗಳು. ಮುಕುಂದ ಬೇಲಿಯಾಚೆಯ ಮನೆಯನ್ನು ನೋಡತೊಡಗಿದ. ಬದರೀನಾಥ ಮತ್ತೆ ಮಾತಾಡಿದಾಗ ಅದು ಅಂಗಡಿಯ ಯಜಮಾನನ ದನಿಯಾಗಿತ್ತು.

"ಸೂರಿ, ನಾಳೆ ಅಂಗಡಿ ನಾನೇ ತೆರೀತೀನಿ. ನೀವು ಬರೋದು ಬೇಡ. ನಾಳಿದ್ದೂ ಬೇಡ."

ಸೂರ್ಯನಾರಾಯಣ ಹೆಂಡತಿಯ ಮುಖ ನೋಡಿದ. ಆ ಹೊತ್ತಿಗೂ ಅವಳು ಹಾಳೆಗೆ ಕೈ ಹಾಕಬಹುದಿತ್ತು. ಪೆನ್ನು ಬದರೀನಾಥನ ಜೇಬಿನಲ್ಲೇ ಇತ್ತು. ಅವಳು ನೆಲಮಟ್ಟದ ಕಿಟಕಿಗೆ ಬಗ್ಗಿ ಬೇಸ್‌ಮೆಂಟಿನ ಮಕ್ಕಳಿಗೆ ಕೇಳುವಂತೆ ಕೂಗಿದಳು: "ರೇಣು, ಯಾರೂ ಹಿತ್ತಲಿಗೆ ಬರಬೇಡಿ. ಆಂಟಿ ಹೇಳೋವರೆಗೂ."

"ವೈ, ಆಂಟಿ?"

"ನಿಮ್ಮಪ್ಪನ್ನ ಕೇಳು."

ಸೂರ್ಯನಾರಾಯಣ ಒಳಗೆ ಹೋದ. ಅನಸೂಯ ಹಿಂಬಾಲಿಸಿದಾಗ ಅವನು ಪೂಜೆಯ ಮುಂದೆ ಬಗ್ಗಿದ್ದ. ಬೆಳಿಗ್ಗೆ ಬರುತ್ತಲೇ ಅವನು ಎರಡು ಬೀಗದ ಕೈಗಳನ್ನು ಅಲ್ಲಿಟ್ಟಿದ್ದ, ಕಾರಿನದು ಮತ್ತು ಅಂಗಡಿಯದು.

"ಸೂರಿ ಅವರೇ, ಪೂಜೆಗಿಟ್ಟಿದ್ದನ್ನ ನಾಳೆ ಬೆಳಿಗ್ಗೆವರೆಗೂ ಎತ್ತಬಾರದು," ಎಂದಳು ಅಲಮೇಲು ಬಾಗಿಲಿನಿಂದ.

"ಇದಿಲ್ಲದೆ ಮನೆ ಸೇರೋಕಾಗಲ್ಲ ನೋಡಿ," ಎಂದು ಅವನು ಕಾರಿನದನ್ನು ಎತ್ತಿಕೊಂಡ. ಅಂಗಡಿಯದನ್ನು ಮುಟ್ಟಲಿಲ್ಲ. ಕುಂಕುಮವನ್ನು ಬೆರಳಿನಿಂದ ಒರೆಸಿ, ಬೀಗದ ಕೈಯನ್ನು ಅನಸೂಯಳತ್ತ ಚಾಚಿದ. "ನೀನೇ ಡ್ರೈವ್ ಮಾಡು."

ಕಾರು ಹಿಂದಕ್ಕೆ ಸರಿದು ಬೀದಿಗೆ ತಿರುಗುವಾಗ, ಮನೆಯ ಪಕ್ಕದ ಸಂದಿಯಲ್ಲಿ ಹಿತ್ತಲು ಒಂದಿಷ್ಟು ಕಂಡಿತು. ಅಲಮೇಲು ಕುಂಟೆ ಹಿಡಿದು ಎಲೆಗಳನ್ನು ಸ್ವಲ್ಪ ಸ್ವಲ್ಪವಾಗಿ ಎಳೆದು ಬಿಡಿಸುತ್ತಿದ್ದಳು. ಬದರೀನಾಥ ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿ, ಬರಿಗೈಯಲ್ಲಿ ಹುಲ್ಲು ತಡವುತ್ತ ಅವಳ ಮುಂದೆ ಮುಂದೆ ಸರಿಯುತ್ತಿದ್ದ.