ಕೈ ಅಡ್ಡ ಬಂದ ಫೋಟೋಗಳು

"ನೀನು ನನ್ನ ಎತ್ತರಕ್ಕೆ ಬೆಳೆಯೋದ್ರೊಳಗೆ, ನೀನೊಬ್ಬಳೇ ಇರೋ ಪಾಪು ಫೋಟೋ ಹುಡುಕಿ ಊಟದ ಮೇಜಿನ ಮೇಲಿನ ಗೋಡೆಗೆ ಹಾಕ್ತೀನಿ" ಎಂದು ಅಮ್ಮ ಚಿಕ್ಕ ಮಗಳಿಗೆ ಮಾತು ಕೊಟ್ಟಾಗ, ಮಗಳ ಮುಂದಿನ ಹಲ್ಲು ಬಿದ್ದು ಮಾತಿಗಿಂತ ಗಾಳಿಯೇ ಜಾಸ್ತಿ ಹೊರಬರುತ್ತಿತ್ತು. ಶಾಲೆಯಲ್ಲಿ ಎಲ್ಲರೂ ತಮ್ಮ ಪಾಪು ಫೋಟೋ ತರಬೇಕು ಅಂದಿದ್ದರು. ಚಿಕ್ಕವಳು ಹಳದಿ ಫ್ರಾಕಿನದೊಂದನ್ನು ಎದೆಗೆ ಒತ್ತಿಕೊಂಡು ಹೊರಟಿದ್ದಳು. ಬಾಗಿಲಲ್ಲಿ ಅಕ್ಕ ಇಣುಕಿ ನೋಡಿ, "ಅದು ನಾನು ಕಣೇ" ಅಂದುಬಿಟ್ಟಳು. ನೋಡಿದರೆ ಹೌದು. ಗೋಡೆಯ ಮೇಲೆ ಇದ್ದವೂ ಅವಳವೇ. ಅವತ್ತಿನ ಅಳುವಿಗೆ ಪಕ್ಕದ ಮನೆಯವರು ಕಿಟಕಿ ತೆಗೆದು ನೋಡಿದರು. ಅಳು ನಿಲ್ಲಿಸಲು ಅಮ್ಮನಿಗೆ ಕೈಗೆ ಸಿಕ್ಕಿದ್ದು ಆ ಮಾತೊಂದೇ.

ಅಮ್ಮ ಗಿಡ್ಡ ಅನ್ನುವುದು ಆಗ ಯಾರ ಲೆಕ್ಕಕ್ಕೂ ಬರಲಿಲ್ಲ. ಚಿಕ್ಕವಳು ಮಾತ್ರ ಅಪ್ಪನ ಕಡೆಯವರ ಹಾಗೆ ಬಳ್ಳಿ ಏರಿದಂತೆ ಏರಿದಳು. ಈಗ ದಿನಾ ಬೆಳಗ್ಗೆ ಅಮ್ಮ ಟೀಗೆ ನೀರಿಡುವಾಗ ಬಂದು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುತ್ತಾಳೆ. ಅಪ್ಪ ಇಬ್ಬರ ತಲೆಯ ಮೇಲೂ ಸೌಟು ಅಡ್ಡ ಇಟ್ಟು ಒಂದು ಕಣ್ಣು ಮುಚ್ಚಿ ನೋಡುತ್ತಾನೆ. ಅವನು ನಲ್ಲಿ, ಪೈಪು ಕೂರಿಸುವವನು. ಮಟ್ಟ ನೋಡುವುದರಲ್ಲಿ ಮುಲಾಜಿಲ್ಲ.

"ಇನ್ನೊಂದು ಉಗುರಷ್ಟು ಇದೆ."

"ಅಪ್ಪಾ, ಅಮ್ಮ ಹಿಮ್ಮಡಿ ಎತ್ತಿದ್ದಾಳೆ."

"ನಾನು ಹುಟ್ಟಿದಾಗಿಂದ ನಿಲ್ಲೋದೇ ಹೀಗೆ" ಎಂದಳು ಅಮ್ಮ. ಆದರೆ ಹಿಮ್ಮಡಿ ಇಳಿಸಲಿಲ್ಲ. ಮಕ್ಕಳಿಗೆ ಕೊಟ್ಟ ಮಾತು ಅವರಿಗೆ ಮರೆತುಹೋಗುತ್ತದೆ ಎಂದುಕೊಳ್ಳುವಷ್ಟು ದಡ್ಡತನ ಇನ್ನೊಂದಿಲ್ಲ.

ಫೋಟೋಗಳಿಗೇನೂ ಬರ ಇರಲಿಲ್ಲ. ಸತ್ತ ಮೊಬೈಲುಗಳಿಂದ, ಸೋದರಮಾವನ ಕ್ಯಾಮೆರಾದಿಂದ, ಯಾರ್ಯಾರೋ ಕಳಿಸಿದ್ದರಿಂದ ಎಲ್ಲವನ್ನೂ ಅಪ್ಪ ಒಂದೇ ಹಾರ್ಡ್‌ಡಿಸ್ಕಿಗೆ ಗೋಣಿಗೆ ತುಂಬಿದಂತೆ ತುಂಬಿದ್ದ. ಮಗುವಿನ ಮೊದಲ ಹೆಜ್ಜೆಯ ಪಕ್ಕದಲ್ಲೇ ಯಾರದೋ ಮನೆಯ ಸಿಂಕಿನ ಅಡಿಭಾಗ. ಹುಡುಕಬೇಕೆಂದರೆ ಪ್ರತಿಯೊಂದಕ್ಕೂ ಕೀವರ್ಡ್ ಹಾಕಬೇಕು, ಆಮೇಲೆ ಕೇಳಿದ್ದು ಕೇಳಿದ ಕೂಡಲೇ ಬರುತ್ತದೆ ಎಂದು ದೊಡ್ಡವಳು ಹೇಳಿಕೊಟ್ಟಳು. ಹೀಗಾಗಿ ರಜೆಯ ದಿನಗಳಲ್ಲಿ ಊಟವಾದ ಮೇಲೆ ನಾಲ್ವರೂ ಕಂಪ್ಯೂಟರ್ ಮುಂದೆ ಕೂರತೊಡಗಿದರು.

ಮೊದಲ ವಾರವೇ ಎಡವಟ್ಟು. ಯಾರಿಗೆ ಹೇಗೆ ತೋಚಿತೋ ಹಾಗೆ ಹಾಕಿದ್ದರು. "ನಾನು" ಎಂದು ಹುಡುಕಿದರೆ ಮನೆಮಂದಿಯೆಲ್ಲ ಎದ್ದು ಬಂದರು. "ಅಮ್ಮ" ಎಂದರೆ ಅರ್ಧಕ್ಕರ್ಧ ಅತ್ತೆ. ಅಪ್ಪ ತನ್ನ ಅಮ್ಮನನ್ನು ಬೇರೇನೆಂದು ಕರೆಯಬೇಕು? ಚಿಕ್ಕವಳಂತೂ ಅಕ್ಕನ ಮುಖವಿದ್ದದ್ದಕ್ಕೆಲ್ಲ "ಕೋತಿ" ಎಂದು ಹಾಕಿ, ಪ್ರಾಣಿಸಂಗ್ರಹಾಲಯದ ಫೋಟೋಗಳ ಜೊತೆ ಬೆರೆಸಿಟ್ಟಿದ್ದಳು.

"ಏಳಿ ಎಲ್ಲರೂ" ಎಂದಳು ಅಮ್ಮ. "ಇನ್ಮೇಲೆ ನಮ್ಮ ಅಂಗಡಿ ಪದ್ಧತಿ."

ಅಮ್ಮ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಬಟ್ಟೆ ತೆಗೆದುಕೊಳ್ಳುವವಳು. ಅಲ್ಲಿ ಬಟ್ಟೆ ಕೈಗೆ ಬಂದ ತಕ್ಷಣ ಬೆಳಕಿಗೆ ಹಿಡಿದು, ಕಾಲರಿನ ಕಲೆ, ಹೋದ ಗುಂಡಿ, ಹರಿದ ತೋಳು, ಎಲ್ಲವನ್ನೂ ಚೀಟಿಗೆ ಬರೆಯಬೇಕು. ಗಿರಾಕಿಯ ಹೆಸರು ಆಮೇಲೆ. ಇಲ್ಲವಾದರೆ ನಾಳೆ ಬಂದು, ನೀವೇ ಹರಿದಿದ್ದು ಅನ್ನುತ್ತಾರೆ. "ಮೊದಲು ತೂತು, ಆಮೇಲೆ ಮಾತು" ಎನ್ನುವುದು ಮಾಲೀಕನ ಮಂತ್ರ. ಅದೇ ಮಂತ್ರ ಮನೆಗೂ ಬಂತು. ಫೋಟೋ ಕೆಟ್ಟಿದ್ದರೆ ಬರೀ ದೋಷ ಬರೆದು ಪಕ್ಕಕ್ಕೆ ತಳ್ಳುವುದು: ಕಣ್ಣು ಮುಚ್ಚಿದೆ, ಮಸುಕು, ತಲೆ ಕಡಿದಿದೆ, ಕೈ ಅಡ್ಡ. ಹೇಗೂ ಅಳಿಸುವಂಥವು, ಅವಕ್ಕೆ ಹೆಸರು ಯಾಕೆ? ಚೆನ್ನಾಗಿದ್ದರೆ ಮಾತ್ರ ಯಾರು, ಎಷ್ಟು ಜನ ಎಂದು ಹಾಕುವುದು. ಅಮ್ಮನ ಕೈ ಅಂಗಡಿಯ ವೇಗದಲ್ಲಿ ಓಡಿತು. ಅಪ್ಪನ ಸಿಂಕುಗಳಿಗೆಲ್ಲ "ಸೋರಿಕೆ" ಎಂದು ಬಿತ್ತು.

ಮುಖ ಗುರುತಿಸುವ ಕೆಲಸವನ್ನು ಕಂಪ್ಯೂಟರೇ ಮಾಡುತ್ತದೆ ಎಂದು ದೊಡ್ಡವಳು ನಡುವೆ ಒಂದು ಆಟ ಹೂಡಿದಳು. ಅದು ಎರಡು ಪಾಪುಗಳನ್ನು ಪಕ್ಕಪಕ್ಕ ತೋರಿಸಿ, ಇಬ್ಬರೂ ಒಬ್ಬರೇನಾ ಎಂದು ಕೇಳುತ್ತಿತ್ತು. ದೊಡ್ಡವಳು ಹೌದು, ಹೌದು ಎಂದು ಒತ್ತುತ್ತಾ ಹೋಗಿ ಲೋಕದ ಪಾಪುಗಳನ್ನೆಲ್ಲ ತನ್ನ ಹೆಸರಿಗೆ ಬರೆಸಿಕೊಂಡಳು.

"ಅಯ್ಯೋ, ಅದೇ ಫ್ರಾಕ್ ಆಮೇಲೆ ಚಿಕ್ಕವಳಿಗೂ ಹಾಕಿದ್ದೆ ಕಣೇ" ಎಂದಳು ಅಮ್ಮ. ಮತ್ತೆ ಒಂದೊಂದನ್ನೇ ದೊಡ್ಡದು ಮಾಡಿ ಫ್ರಾಕಿನ ಅಂಚು ನೋಡಿದಳು. "ಅಂಚಲ್ಲಿ ದ್ರಾಕ್ಷಿ ರಸದ ಕಲೆ ಇದ್ದರೆ ಚಿಕ್ಕವಳು, ಇಲ್ಲದಿದ್ದರೆ ದೊಡ್ಡವಳು. ಫ್ರಾಕ್ ಗಿಡ್ಡ ಆಗೋ ಹೊತ್ತಿಗೆ ದೊಡ್ಡವಳು ಚೆಲ್ಲಿಕೊಂಡ ಕಲೆ, ಎಷ್ಟು ತಿಕ್ಕಿದರೂ ಹೋಗಲಿಲ್ಲ."

"ಚೆಲ್ಲಿದ್ದು ಅವಳು, ಗುರುತು ನಂದು" ಎಂದಳು ಚಿಕ್ಕವಳು. "ಈ ಮನೇಲಿ ನ್ಯಾಯ ಅನ್ನೋದಿದೆಯಾ?"

"ಇದೆ. ಅದಕ್ಕಿನ್ನೂ ಟ್ಯಾಗ್ ಹಾಕಿಲ್ಲ" ಎಂದ ಅಪ್ಪ.

ಎಲ್ಲ ಮುಗಿದ ದಿನ ಚಿಕ್ಕವಳೇ ಕುರ್ಚಿ ಎಳೆದುಕೊಂಡು ಕೂತು, "ಚಿಕ್ಕವಳು, ಪಾಪು, ಒಬ್ಬಳೇ" ಎಂದು ಒತ್ತಿದಳು. ಪರದೆ ಖಾಲಿ. "ಒಬ್ಬಳೇ" ತೆಗೆದು ನೋಡಿದಳು. ಬಂದವು: ಅಜ್ಜಿಯ ತೊಡೆಯ ಮೇಲೆ, ಮಾವನ ಹೆಗಲ ಮೇಲೆ, ಗುಂಪಿನ ಮೂಲೆಯಲ್ಲಿ ಒಂದು ಕಿವಿ.

ಚಿಕ್ಕವಳು ಅಳಲಿಲ್ಲ, ಅದೇ ಅಮ್ಮನಿಗೆ ಕಷ್ಟವಾಯಿತು. "ಎರಡನೇ ಮಗು ಅಂದ್ರೆ ಹೀಗೇ ಬಿಡಮ್ಮ" ಎಂದು ದೊಡ್ಡವರ ದನಿಯಲ್ಲಿ ಹೇಳಿ ಎದ್ದಳು. "ನನಗೆ ಗೊತ್ತಿತ್ತು."

ಡಿಸ್ಕ್ ತುಂಬಿತ್ತು. ದೋಷದವನ್ನು ಅಳಿಸಿಬಿಡೋಣ ಎಂದು ಅಪ್ಪ ಮೌಸ್ ಹಿಡಿದ. ಅಮ್ಮ ಅವನ ಕೈ ಹಿಡಿದಳು. ಅಂಗಡಿಯಲ್ಲಿ ಯಾರೂ ಬಂದು ಕೇಳದ ಬಟ್ಟೆಯನ್ನು ಬಿಸಾಕುವ ಮುಂಚೆ ಜೇಬು ನೋಡಬೇಕು. ಅಭ್ಯಾಸ.

"ಒಂದು ಸಲ ನೋಡ್ತೀನಿ ರೀ, ಆಮೇಲೆ ಏನಾದ್ರೂ ಮಾಡಿ."

ಮಸುಕು ನೋಡಿದಳು, ತಲೆ ಕಡಿದದ್ದು ನೋಡಿದಳು. ಅದರಲ್ಲಿ ಹೆಚ್ಚಿನವು ಅಪ್ಪ ತೆಗೆದವು. ಆಮೇಲೆ "ಕೈ ಅಡ್ಡ" ಎಂದು ಒತ್ತಿದಳು.

ಪರದೆ ಪೂರ್ತಿ ಹಳದಿಯಾಯಿತು. ಸಾಲುಸಾಲಾಗಿ ಒಂದೇ ಪಾಪು. ಸೋಫಾದ ಮೇಲೆ, ಮೆಟ್ಟಿಲ ಮೇಲೆ, ಬಟ್ಟೆ ಬುಟ್ಟಿಯಲ್ಲಿ. ಪ್ರತಿಯೊಂದರಲ್ಲೂ ಫ್ರಾಕಿನ ಅಂಚಿನಲ್ಲಿ ಕಲೆ. ಪ್ರತಿಯೊಂದರಲ್ಲೂ ಎಲ್ಲಿಂದಲೋ ತೂರಿ ಬಂದ ಒಂದು ಪುಟ್ಟ ಕೈ, ಮಣಿಕಟ್ಟಿನ ಮೇಲೆ ನೀಲಿ ಪೆನ್ನಲ್ಲಿ ಬರೆದುಕೊಂಡ ಗಡಿಯಾರ.

"ಕಂಕುಳಲ್ಲಿ ಕೂಸು, ಊರೆಲ್ಲ ಹುಡುಕಾಟ" ಎಂದ ಅಪ್ಪ ಮೆಲ್ಲಗೆ.

ಚಿಕ್ಕವಳು ಬಾಗಿಲಿನಿಂದ ವಾಪಸು ಬಂದಳು. "ಅಕ್ಕಾ, ಇದು ನಿನ್ನ ಕೈ, ಪೆನ್ನಲ್ಲಿ ಗಡಿಯಾರ ಬರ್ಕೊಳ್ಳೋದು ನೀನೊಬ್ಬಳೇ. ನನ್ನ ಒಂದು ಫೋಟೋನೂ ಬಿಡದೆ ಕೈ ಹಾಕಿ ಕೆಡಿಸಿದ್ದೀಯಲ್ಲೇ."

"ನಾನೆಲ್ಲಿ ಕೆಡಿಸಿದೆ? ಅಮ್ಮನೇ ಹೇಳಿದ್ದು. ನೀನು ಕೂರಿಸಿದ ಕಡೆ ಕೂರ್ತಿರಲಿಲ್ಲ, ಮೂಟೆ ಹಾಗೆ ವಾಲಿಬಿಡ್ತಿದ್ದೆ. 'ನಾನು ಫೋಟೋ ತೆಗೀತೀನಿ, ನೀನು ಹಿಂದಿನಿಂದ ಹಿಡ್ಕೋ, ನೀನು ಕಾಣಿಸ್ಬಾರದು' ಅಂತ. ಸೋಫಾ ಹಿಂದೆ ಮಂಡಿ ಊರಿ ಊರಿ ನನ್ನ ಮಂಡಿ ಸವೆದುಹೋಯ್ತು. ಒಂದು ಫೋಟೋದಲ್ಲೂ ನಾನಿಲ್ಲ, ಅದು ಯಾರಿಗೂ ಕಾಣಲ್ಲ."

ಅಮ್ಮನಿಗೆ ಆಗ ನೆನಪಾಯಿತು. ಇಷ್ಟು ದಿನ ತಾನೇ ಒಂದೊಂದಕ್ಕೂ "ಕೈ ಅಡ್ಡ" ಎಂದು ಹೊಡೆದು ತಳ್ಳಿದ್ದಳು. ತೂತು ನೋಡುವ ಭರದಲ್ಲಿ ಬಟ್ಟೆಯನ್ನೇ ನೋಡಿರಲಿಲ್ಲ.

ಅಪ್ಪ ಉತ್ಸಾಹದಿಂದ ಕುರ್ಚಿ ಹತ್ತಿರಕ್ಕೆಳೆದ. "ಅಷ್ಟೇ ತಾನೇ? ಈ ಕಡೆ ಇಷ್ಟು ಕತ್ತರಿಸಿದರೆ ಕೈ ಹೋಯ್ತು. ಒಬ್ಬಳೇ ಆಗ್ತಾಳೆ. ನಿನ್ನ ಮಾತೂ ಉಳೀತು."

ಅಮ್ಮ ಆಸೆಯಿಂದ ಚಿಕ್ಕವಳ ಮುಖ ನೋಡಿದಳು. ಚಿಕ್ಕವಳು ಪರದೆಗೆ ಮೂಗು ತಾಗುವಷ್ಟು ಬಗ್ಗಿ, ಆ ಕೈಯನ್ನೂ, ಅದು ಬಿಗಿಯಾಗಿ ಹಿಡಿದಿದ್ದ ಫ್ರಾಕನ್ನೂ ತುಂಬ ಹೊತ್ತು ನೋಡಿದಳು.

"ಬೇಡ" ಎಂದಳು. "ಕತ್ತರಿಸಿದರೆ ಬಿದ್ದುಹೋಗ್ತೀನಿ."

"ಹಾಗಾದ್ರೆ ಗೋಡೆ ಮೇಲೆ ನಂದೇ ಇನ್ನೊಂದು ಫೋಟೋ ಆಯ್ತು" ಎಂದಳು ದೊಡ್ಡವಳು. ಚಿಕ್ಕವಳು ಅವಳ ಬೆನ್ನಿಗೊಂದು ಗುದ್ದಿ, ಆ ಫೋಟೋಗಳಿಗೆಲ್ಲ "ಚಿಕ್ಕವಳು" ಎಂದು ಹಾಕಿದಳು. ಪಕ್ಕದಲ್ಲಿ "ಕೋತಿ" ಎಂದೂ ಹಾಕಿದಳು. "ಕೈ ಅಡ್ಡ" ಅನ್ನುವುದನ್ನು ಅಮ್ಮ ಅಳಿಸಿದಳು.

ಬುಟ್ಟಿಯಲ್ಲಿ ಕೂತದ್ದನ್ನು ಮುದ್ರಿಸಿ, ಕಟ್ಟು ಹಾಕಿಸಿ ತಂದರು. ಅಪ್ಪ ಮಟ್ಟ ಹಿಡಿದು ಮೊಳೆ ಹೊಡೆದ. ಹೊಡೆದಾದ ಮೇಲೆ, ಸೌಟು ಹೇಗೂ ಕೈಗೆ ಸಿಕ್ಕಿತ್ತು, ಅಮ್ಮ ಮಗಳು ಗೋಡೆಯ ಮುಂದೆ ಬೆನ್ನಿಗೆ ಬೆನ್ನು ಕೊಟ್ಟು ನಿಂತರು. ಅಮ್ಮ ಈ ಸಲ ಹಿಮ್ಮಡಿ ಎತ್ತಲಿಲ್ಲ. ಸೌಟು ಎರಡೂ ತಲೆಯ ಮೇಲೆ ಸಮನಾಗಿ ಕೂತಿತು.

ಅವಳೊಬ್ಬಳೇ ಇರುವ ಫೋಟೋ ಸಿಗಲಿಲ್ಲ. ಅಮ್ಮ ಕೊಟ್ಟ ಮಾತು ನಡೆಯಲಿಲ್ಲ.